ಬಂದ ಕಾರಣ: ಸಮುದ್ರ

"ಒಬ್ರೇ ಬಂದದ್ದಾ?"

ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ಹಳೆಯ ಹೋಟೆಲೊಂದರ ಕೌಂಟರಿನಲ್ಲಿ ಮ್ಯಾನೇಜರು ಹೀಗೆ ಕೇಳಿದಾಗ ಮಾಸ್ತರರು ಒಮ್ಮೆ ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಕೈಯಲ್ಲೊಂದು ಬ್ಯಾಗು, ಹೆಗಲಿಗೆ ರೊಟ್ಟಿಯ ಚೀಲ, ಕಂಕುಳಲ್ಲಿ ಕೊಡೆ. ನವೆಂಬರಿನಲ್ಲಿ ಕೊಡೆ ಯಾಕೆಂದು ಮನೆಯಲ್ಲಿ ಕೇಳಿದ್ದಕ್ಕೆ "ಸಮುದ್ರದ ಊರು, ನಂಬಾಕ ಬರೂದಿಲ್ಲ" ಅಂದು ಬಂದಿದ್ದರು. ಈಗ ನಂಬಿಕೆಯ ಪ್ರಶ್ನೆ ಕೌಂಟರಿನ ಆ ಕಡೆಯಿಂದ ಎದ್ದಿತ್ತು.

"ಹೌದ್ರಿ, ಒಬ್ಬಾವನ ಬಂದೇನ್ರಿ."

"ಫ್ಯಾಮಿಲಿ ಹಿಂದಿಂದ ಬರ್ತಾರಾ?"

"ಇಲ್ರಿ."

"ಆಫೀಸ್ ಕೆಲ್ಸಾ?"

"ರಿಟಾಯರ್ ಆಗೇನ್ರಿ."

"ಇಲ್ಲಿ ನೆಂಟ್ರು ಯಾರಾದ್ರೂ?"

"ಯಾರೂ ಇಲ್ರಿ."

ಒಂದೊಂದು ಉತ್ತರಕ್ಕೂ ಮ್ಯಾನೇಜರ ಹಣೆಯಲ್ಲಿ ಒಂದೊಂದು ಗೆರೆ ಹೆಚ್ಚಾಯಿತು. ಕನ್ನಡಕದ ಮೇಲಿನಿಂದ ನೋಡುವ ಆ ನೋಟ ಮಾಸ್ತರರಿಗೆ ಹೊಸದಲ್ಲ. ಪರೀಕ್ಷೆಯ ಕೋಣೆಗೆ ಕಾಲು ತಾಸು ತಡವಾಗಿ, ಪೆನ್ನೂ ಇಲ್ಲದೆ ಬಂದು ನಿಂತ ಹುಡುಗರನ್ನು ಅವರೇ ಎಷ್ಟೋ ವರ್ಷ ಹಾಗೆ ನೋಡಿದ್ದರು. ಕೊನೆಗೆ ಸಿಂಗಲ್ ರೂಮು ಎಂಬುದು ಆ ಹೋಟೆಲಿನಲ್ಲಿ ಇಲ್ಲವೆಂದೂ, ಒಬ್ಬರಿದ್ದರೂ ಇಬ್ಬರಿದ್ದರೂ ಬಾಡಿಗೆ ಒಂದೇ ಎಂದೂ ತಿಳಿಯಿತು. ಹೆಂಡತಿಯ ಪಾಲಿನ ಬಾಡಿಗೆಯನ್ನೂ ಕೊಟ್ಟು ಹೆಂಡತಿಯಿಲ್ಲದೆ ಇರುವುದು ಎಂದರೆ ಇದೇ ಇರಬೇಕು. ಈ ಲೆಕ್ಕವನ್ನು ಗೋಕಾಕದಲ್ಲಿ ಹೇಳಬಾರದೆಂದು ಅವರು ಅಲ್ಲೇ ನಿಶ್ಚಯಿಸಿದರು.

ಮಾಸ್ತರರು ಹುಟ್ಟಿದ್ದು ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ, ನೌಕರಿ ಮಾಡಿದ್ದು ಹುಕ್ಕೇರಿ ತಾಲೂಕಿನಲ್ಲಿ, ಮನೆ ಕಟ್ಟಿದ್ದು ಗೋಕಾಕದಲ್ಲಿ. ಮೂರೂ ಸೇರಿಸಿ ಅಳೆದರೂ ಜೀವನವೆಲ್ಲ ಒಂದು ಬಸ್ ಪಾಸಿನೊಳಗೆ ಕುಳಿತುಬಿಡುತ್ತದೆ. ಅವರ ಹೆಸರು ಇಲ್ಲಿ ಬೇಡ. ಈ ಬರಹ ಬರೆಯುತ್ತಿರುವವನ ಕನ್ನಡಕಕ್ಕೂ ಅವರ ಕನ್ನಡಕಕ್ಕೂ ನಂಬರು ಒಂದೇ ಎನ್ನುವುದನ್ನು ಬಿಟ್ಟರೆ ಅವರ ಬಗ್ಗೆ ಹೆಚ್ಚು ಹೇಳುವಂಥದ್ದೂ ಇಲ್ಲ. ಒಬ್ಬರೇ ಎಲ್ಲಿಗೂ ಹೋದವರಲ್ಲ. ಹೋದರೆ ಮದುವೆಗೆ, ಇಲ್ಲವೆ ಯಲ್ಲಮ್ಮನ ಗುಡ್ಡಕ್ಕೆ, ಇಲ್ಲವೆ ಚುನಾವಣೆ ಡ್ಯೂಟಿಗೆ, ಇಲ್ಲವೆ ಪೇಪರು ತಿದ್ದಲಿಕ್ಕೆ.

ಹಾಗಂತ ಸಮುದ್ರ ನೋಡಿರಲಿಲ್ಲ ಎನ್ನುವಂತಿಲ್ಲ. ಶಾಲೆಯ ಪ್ರವಾಸದಲ್ಲಿ ಮೂರು ಸಲ ಬಂದಿದ್ದರು. ಆದರೆ ಆ ಮೂರೂ ಸಲ ಅವರು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು. ಬಯಲುಸೀಮೆಯ ತೊಂಬತ್ತು ಮಕ್ಕಳು ಒಮ್ಮೆಲೇ ಅಷ್ಟು ನೀರು ನೋಡಿದಾಗ ಏನಾಗುತ್ತದೆ ಎಂಬುದು ಮಾಸ್ತರಿಕೆ ಮಾಡಿದವರಿಗೇ ಗೊತ್ತು. ಅವರು ಮೊಣಕಾಲು ನೀರಿನಲ್ಲಿ ದಂಡೆಯ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿ, ಮಕ್ಕಳಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಬೇಲಿಯಂತೆ ನಿಂತು ತಲೆ ಎಣಿಸುತ್ತಿದ್ದರು. ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು... ತೊಂಬತ್ತನೆಯವನು ಯಾವಾಗಲೂ ಕಡಲೆಕಾಯಿ ಕೊಳ್ಳಲು ಹೋಗಿರುತ್ತಿದ್ದ. ಅಲೆಗಳು ಬೆನ್ನಿಗೆ ಬಡಿದದ್ದು ನೆನಪಿದೆ, ಪ್ಯಾಂಟು ಒದ್ದೆಯಾದದ್ದು ನೆನಪಿದೆ. ಸಮುದ್ರದ ಮುಖ ಮಾತ್ರ ನೆನಪಿಲ್ಲ.

ನಿವೃತ್ತಿಯಾದ ಮೇಲೆ ಅದು ಅವರನ್ನು ಕಾಡತೊಡಗಿತು. ಹೆಂಡತಿಯನ್ನು ಕರೆದರು. ಘಟ್ಟದ ತಿರುವಿನಲ್ಲಿ ವಾಂತಿಯಾಗುವ ಆಕೆ, "ಅಲ್ಲೇನ ಐತ್ರೀ? ನೀರ ಅಲ್ಲೇನ? ಫಾಲ್ಸಿನ್ಯಾಗ ಇಲ್ಲೇನ ನೀರ?" ಅಂದರು. ಗೋಕಾಕದವರ ಮಟ್ಟಿಗೆ ಇದು ಕೊನೆಯ ಮಾತು. ಅದಕ್ಕೆ ಎದುರಾಡಿ ಗೆದ್ದವರಿಲ್ಲ. ಎರಡು ದಿನ ಕೂತು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಕರದಂಟಿನ ಎರಡು ಡಬ್ಬಿ ತರಿಸಿ ಕಟ್ಟಿಕೊಟ್ಟರು.

ಇನ್ನು ಕೌಂಟರಿನ ಮೇಲಿನ ರಿಜಿಸ್ಟರು. ಉದ್ದನೆಯ ಲೆಡ್ಜರು ಪುಸ್ತಕ, ಮೂಲೆಗಳು ಉಬ್ಬಿ ನಾಯಿಯ ಕಿವಿಯಂತೆ ಮಡಚಿದ್ದವು. ಹೆಸರು, ವಯಸ್ಸು, ಎಲ್ಲಿಂದ, ಎಲ್ಲಿಗೆ, ಬಂದ ಕಾರಣ. ಹಿಂದಿನ ಪುಟಗಳಲ್ಲಿ ಕಾರಣದ ಕಾಲಮ್ಮಿಗೆ 'ಕೋರ್ಟು', 'ಸ್ವಂತ', 'ಸ್ವಂತ', ಅದರ ಕೆಳಗೆ ಸಾಲಾಗಿ ಎರಡೆರಡು ಚುಕ್ಕೆ ಗೆರೆ. ಖಾಲಿ ಬಿಟ್ಟರೆ ಅಂಕ ಹೋಗುತ್ತದೆ ಎಂದು ಮೂವತ್ತು ವರ್ಷ ಹೇಳಿಕೊಟ್ಟವರು, 'ಮೇಲಿನಂತೆ' ಎಂದು ಬರೆಯಲು ಮನಸ್ಸಾಗಲಿಲ್ಲ. ದುಂಡಗೆ 'ಸಮುದ್ರ' ಎಂದು ಬರೆದರು. ಮ್ಯಾನೇಜರು ಅದನ್ನು ಎರಡು ಸಲ ಓದಿದರು. ಆಮೇಲೆ ಮನೆಯವರ ಫೋನ್ ನಂಬರು ಕೇಳಿದರು. "ಇಲ್ಲಿ ಒಂದ್, ಮಗಂದು ಒಂದ್. ಇರ್ಲಿ ಮಾಸ್ತರೇ, ಬೇಜಾರ್ ಮಾಡ್ಬೇಡಿ."

'ಎಲ್ಲಿಂದ' ಎಂಬಲ್ಲಿ ಗೋಕಾಕ ಎಂದು ನೋಡಿ ಅವರ ಮುಖ ಸ್ವಲ್ಪ ಸಡಿಲಾಯಿತು. "ಓ, ಗೋಕಾಕ ಚಳವಳಿ!" ಅಂದರು. ಹೊರಗಿನವರಿಗೆ ಗೋಕಾಕವೆಂದರೆ ಮೂರೇ: ಫಾಲ್ಸು, ಕರದಂಟು, ಚಳವಳಿ. ಚಳವಳಿಗೆ ಹೆಸರು ಬಂದದ್ದು ಭಾಷಾ ವರದಿಯಿಂದ, ವರದಿಗೆ ಬಂದದ್ದು ವಿ.ಕೃ. ಗೋಕಾಕರಿಂದ. ಅವರಾದರೂ ಹುಟ್ಟಿದ್ದು ಸವಣೂರಿನಲ್ಲಿ, ಅಡ್ಡಹೆಸರು ಮಾತ್ರ ಈ ಊರಿನದು. ಮಾಸ್ತರರು ಇದನ್ನು ತಿದ್ದಲು ಬಾಯಿ ತೆರೆದವರು ಸುಮ್ಮನಾದರು. ಬೇರೊಂದು ಸಂಗತಿ ಹೊಳೆದಿತ್ತು. ಗೋಕಾಕ ಎಂಬ ಹೆಸರು ಹೊತ್ತ ಆ ಕವಿ ಬರೆದ ಒಂದು ಸಂಕಲನದ ಹೆಸರು 'ಸಮುದ್ರ ಗೀತೆಗಳು'. 1990ರ ಜ್ಞಾನಪೀಠ ಬಂದ ಸಂದರ್ಭದಲ್ಲಿ ಎಲ್ಲರ ಬಾಯಲ್ಲಿದ್ದ ಮಹಾಕಾವ್ಯದ ಹೆಸರಿನಲ್ಲೂ ಒಂದು ಸಿಂಧು ಇದೆ, 'ಭಾರತ ಸಿಂಧು ರಶ್ಮಿ'. ಆಕ್ಸ್‌ಫರ್ಡಿಗೆ ಓದಲು ಹಡಗು ಹತ್ತಿ ಹೋದವರು ಸಮುದ್ರದ ಮೇಲೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಬಸ್ಸು ಹತ್ತಿ ಬಂದವರಿಗೆ ರಿಜಿಸ್ಟರಿನ ಒಂದು ಕಾಲಮ್ಮೇ ಸಾಕು.

ಕೋಣೆ ಮೇಲಿನ ಮಹಡಿಯಲ್ಲಿ. ಮರದ ಮೆಟ್ಟಿಲು, ಮಧ್ಯದಲ್ಲಿ ಸವೆದು ದೋಣಿಯಂತೆ ತಗ್ಗಾಗಿತ್ತು. ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದ ಮೇಲೆ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಗೋಕಾಕದ ಕಡೆಯ ಮೇಲ್ಮುದ್ದೆ ಮನೆಯಲ್ಲಿ ಬೆಳೆದವರಿಗೆ ಇಳಿಜಾರಾದ ಮಾಡಿನ ಕೆಳಗೆ ಮಲಗುವುದೆಂದರೆ ದೊಡ್ಡ ಕೊಡೆಯ ಕೆಳಗೆ ಮಲಗಿದಂತೆ. ಬೀಗದ ಕೈಗೆ ಅಂಗೈಯಗಲದ ಮರದ ತುಂಡು ಕಟ್ಟಿತ್ತು, ಅದರ ಮೇಲೆ ಸುಟ್ಟು ಬರೆದ ನಂಬರು. ಕಬ್ಬಿಣದ್ದು ಎನ್ನುವುದೆಲ್ಲ, ಮಂಚದ ಕಾಲು, ಕಿಟಕಿಯ ಸರಳು, ಬಟ್ಟೆ ಹಾಕುವ ಗೂಟ, ಹಪ್ಪಳದಂತೆ ಪದರ ಪದರ ಎದ್ದಿತ್ತು. ಮಾಸ್ತರರು ಒಂದು ಸರಳನ್ನು ಉಗುರಿನಿಂದ ಕೆರೆದರು. ಚಕ್ಕೆ ಉದುರಿತು. ಯಾರಾದರೂ ನೋಡಿದರೇನೋ ಎಂದು ಅದನ್ನು ಎತ್ತಿ ಕಿಸೆಯಲ್ಲಿ ಹಾಕಿಕೊಂಡರು.

ಹಳೆಯದು ಎಂದರೆ ಎಷ್ಟು ಹಳೆಯದು ಎಂದು ಕೇಳಿದ್ದಕ್ಕೆ ಮ್ಯಾನೇಜರು, "ಯಜಮಾನ್ರ ಅಜ್ಜನ ಕಾಲದ್ದು" ಎಂದಿದ್ದರು. ಅಜ್ಜ ಎಂಬುದು ನಮ್ಮಲ್ಲಿ ಕಾಲದ ಒಂದು ಅಳತೆ, ಮಾರು ಮೊಳ ಇದ್ದ ಹಾಗೆ. ಲೋಕದಲ್ಲಿ ಸಮುದ್ರದಂಚಿನ ದೊಡ್ಡ ಹೋಟೆಲುಗಳಿಗೆ ಇಸವಿಗಳಿವೆ. ಕೊಲಂಬೊದ ಗಾಲ್ ಫೇಸ್ 1864ರದ್ದು, ಮುಂಬೈಯ ತಾಜ್ 1903ರದ್ದು, ಸಿಂಗಪುರದ ರಾಫಲ್ಸ್ 1887ರದ್ದು. ಕೊನೆಯ ಇಸವಿ ಓದಿದಾಗಲೆಲ್ಲ ಮಾಸ್ತರರಿಗೆ ಒಂದು ಸಣ್ಣ ಹೆಮ್ಮೆ. ಗೋಕಾಕ ಫಾಲ್ಸಿನ ನೀರಿನ ಬಲದಿಂದ ಅಲ್ಲಿನ ನೂಲಿನ ಗಿರಣಿ ತಿರುಗಲು ಸುರುವಾದದ್ದೂ 1887ರಲ್ಲೇ. ಸಿಂಗಪುರದಲ್ಲಿ ದೊರೆಗಳು ಆರಾಮಕುರ್ಚಿಯಲ್ಲಿ ಕುಳಿತು ಸಮುದ್ರ ನೋಡಲು ತೊಡಗಿದ ವರ್ಷ ಇಲ್ಲಿನವರು ಪಾಳಿಯ ಮೇಲೆ ನೂಲು ತೆಗೆಯಲು ತೊಡಗಿದರು. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ ಎನ್ನಿ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಎರಡು, ಕಿಟಕಿ ಮತ್ತು ಕದ.

ಕಿಟಕಿಯ ಒಂದು ರೆಕ್ಕೆಯ ಕೊಂಡಿ ತುಕ್ಕು ತಿಂದು ಹೋಗಿತ್ತು. ಹಗಲೆಲ್ಲ ಸುಮ್ಮನಿದ್ದ ಅದು ರಾತ್ರಿ ಹತ್ತರ ಮೇಲೆ ತಾನೇ ತೆರೆದು ಗೋಡೆಗೆ ಬಡಿದುಕೊಳ್ಳತೊಡಗಿತು. ಎದ್ದು ಮುಚ್ಚಿದರೆ ಅರ್ಧ ತಾಸಿಗೆ ಮತ್ತೆ ಧಡ್. ಭೂಗೋಳ ಕಲಿಸಿದ ತಲೆ ಮಲಗಿದಲ್ಲೇ ಇದನ್ನು ಬಿಡಿಸಿತು. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗ ತುಂಬಲು ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ತಿರುಗಿ ಸಮುದ್ರಕ್ಕೆ ಹೊರಡುತ್ತದೆ. 'ಕಡಲಗಾಳಿ ಮತ್ತು ನೆಲಗಾಳಿ: ವ್ಯತ್ಯಾಸ ಬರೆಯಿರಿ', ನಾಲ್ಕು ಅಂಕ. ಎಷ್ಟೋ ಸಾವಿರ ಉತ್ತರಗಳಿಗೆ ಕೆಂಪು ಶಾಯಿಯ ಗೆರೆ ಎಳೆದಿದ್ದರೂ ನೆಲಗಾಳಿ ಮೈಗೆ ತಾಗಿದ್ದು ಅವತ್ತೇ ಮೊದಲು. ಘಟ್ಟದ ಕಡೆಯಿಂದ ಬಂದು, ಬಾಗಿಲ ಮೇಲಿನ ಜಾಳಿಗೆಯಿಂದ ಒಳಗಿಳಿದು, ಅವರ ಹೊದಿಕೆಯ ಮೇಲಿಂದ ಹಾದು, ರೆಕ್ಕೆಯನ್ನು ತಳ್ಳಿಕೊಂಡು ಸಮುದ್ರಕ್ಕೆ ಹೋಯಿತು.

ಇನ್ನು ಕದ. ಒಂಬತ್ತಕ್ಕೆ ರೂಮ್ ಬಾಯ್ ಬಂದ. "ಟವೆಲ್ ಬೇಕಾ ಸರ್?" ಕೊಟ್ಟು ಹೋದ. ಹತ್ತೂವರೆಗೆ ಮತ್ತೆ. "ಕುಡಿಯೋ ನೀರು ಇದ್ಯಾ ಸರ್?" ಇತ್ತು. ಹನ್ನೆರಡಕ್ಕೆ, "ಫ್ಯಾನ್ ಸರಿ ತಿರಗ್ತದಾ ಸರ್?" ಬೆಳಗಿನ ಐದಕ್ಕೆ ಕೇಳದೆಯೇ ಚಹಾ ಬಂತು. ಮಾಸ್ತರರು ಇಂಥ ಉಪಚಾರ ಅಳಿಯನಾದ ಹೊಸತರಲ್ಲಿ ಒಮ್ಮೆ ಕಂಡಿದ್ದರು, ಅದೂ ಮೂರು ದಿನ. ಕರಾವಳಿಯ ಹೋಟೆಲಿನವರ ಸೇವಾಭಾವದ ಬಗ್ಗೆ ಮಗನಿಗೆ ಫೋನಿನಲ್ಲಿ ಉದ್ದ ಭಾಷಣ ಮಾಡಿದರು. ಅತ್ತಲಿಂದ ಮಗ, "ಹೋಟೆಲ್‌ನ್ಯಾವ್ರು ನನಗೂ ಫೋನ್ ಮಾಡಿದ್ರಪ್ಪಾ. ಅಪ್ಪಗ ಆರಾಮ ಐತೋ ಇಲ್ಲೋ ಅಂತ ಕೇಳಿದ್ರು" ಎಂದ. ಸೇವಾಭಾವ ಗೋಕಾಕದವರೆಗೂ ಹೋಗಿದೆಯೆಂದು ಮಾಸ್ತರರು ಇನ್ನಷ್ಟು ಮೆಚ್ಚಿದರು.

ಕಿಟಕಿ ಬಡಿಯದ ಹೊತ್ತಿನಲ್ಲಿ ಕೇಳಿಸಿದ್ದು ಅಲೆಯ ಸದ್ದು. ನೀರಿನ ಸದ್ದು ಅವರಿಗೆ ಅಪರಿಚಿತವಲ್ಲ. ಚಿಕ್ಕಂದಿನಲ್ಲಿ ಮಿಲ್ಲಿನ ಚಾಳಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಮಳೆಗಾಲದ ಸೂಟಿ ಕಳೆದವರು. ಆಷಾಢ ಶ್ರಾವಣದಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಬಂದು ಐವತ್ತೆರಡು ಮೀಟರ್ ಕೆಳಗೆ ಬೀಳುವಾಗ ಚಾಳಿನ ಪಾತ್ರೆಗಳು ಗೂಡಿನಲ್ಲಿ ಸಣ್ಣಗೆ ಗಿಣಿಗಿಣಿ ಎನ್ನುತ್ತಿದ್ದವು. ಅದಕ್ಕೆ ಆದಿ ಅಂತ್ಯ ಇಲ್ಲ, ಒಂದೇ ಸಮನೆ ಸುರಿಯುವ ಸದ್ದು. ಎರಡು ದಿನಕ್ಕೆ ಕಿವಿ ಅದನ್ನು ಮರೆಯುತ್ತದೆ. ಮಾವ ಮಿಲ್ಲಿನ ಭೋಂಗಾ ಆದಾಗ ಏಳುತ್ತಿದ್ದರೇ ಹೊರತು ಫಾಲ್ಸಿನ ಗದ್ದಲಕ್ಕೆ ಮಗ್ಗುಲೂ ಬದಲಿಸುತ್ತಿರಲಿಲ್ಲ. ಸಮುದ್ರ ಹಾಗಲ್ಲ. ಒಂದು ಅಲೆ ಬಿದ್ದು, ಮರಳಿನ ಮೇಲೆ ಹರಿದು, ಹಿಂದಕ್ಕೆ ಎಳೆದುಕೊಂಡು ಹೋದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಮಾಸ್ತರರು ಆ ಗಳಿಗೆಯಲ್ಲಿ ಉಸಿರು ಬಿಗಿ ಹಿಡಿದು ಕಾಯುತ್ತಿದ್ದರು, ಮುಂದಿನದು ಬಂತೇ ಎಂದು. ಬರುತ್ತಿತ್ತು. ಆದರೂ ಮುಂದಿನ ಸಲ ಮತ್ತೆ ಅದೇ ಸಂಶಯ. ಹಾಜರಿ ಕೂಗುವಾಗ ಒಬ್ಬ ಹುಡುಗ 'ಎಸ್ ಸಾರ್' ಅನ್ನಲು ತಡ ಮಾಡಿದರೆ ಕತ್ತೆತ್ತಿ ನೋಡುವ ಚಾಳಿ ನಿವೃತ್ತಿಯಿಂದ ಹೋಗುವಂಥದ್ದಲ್ಲ. ಹೀಗೆ ರಾತ್ರಿ ಪೂರ್ತಿ ಅರಬ್ಬಿ ಸಮುದ್ರದ ಹಾಜರಿ ತೆಗೆದರು.

ನದಿಗಳ ವಿಷಯದಲ್ಲಿ ಅವರಿಗೆ ಹಳೆಯ ಅಸಮಾಧಾನವೊಂದಿದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬದಿಯಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲಿ, ಸಹ್ಯಾದ್ರಿಯ ಅಂಚಿನಲ್ಲಿ. ಅವರು ಒಮ್ಮೆ ಆ ಅಂಚಿನಲ್ಲಿ ನಿಂತಿದ್ದಾರೆ, ವೆಂಗುರ್ಲೆಗೆ ಹೊರಟಿದ್ದ ಯಾರದೋ ನಿಶ್ಚಿತಾರ್ಥದ ಟೆಂಪೊ ಚಹಾಕ್ಕೆಂದು ನಿಂತಾಗ. ಮೋಡವಿಲ್ಲದ ದಿನ. ಕೆಳಗೆ ಕೊಂಕಣದ ಹಸಿರು, ಅದರಾಚೆ ಪೆನ್ಸಿಲಿನಿಂದ ಎಳೆದ ಹಾಗೆ ಸಮುದ್ರದ ಗೆರೆ. ಹಿರಣ್ಯಕೇಶಿಗೆ ಹುಟ್ಟಿದ ಮನೆಯ ಹೊಸ್ತಿಲಲ್ಲೇ ಸಮುದ್ರ ಕಾಣುತ್ತದೆ. ಇಳಿದುಬಿಟ್ಟಿದ್ದರೆ ಒಂದೇ ದಿನದ ದಾರಿ. ಆದರೆ ಅದು ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತದೆ. ಆಜರಾ, ಗಡಹಿಂಗ್ಲಜ, ಸಂಕೇಶ್ವರ ಎಂದು ಊರೂರು ಮಾತಾಡಿಸಿಕೊಂಡು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆಯದೂ ಅದೇ ಸ್ವಭಾವ. ಹಿಡಕಲ್ಲಿನಲ್ಲಿ ಆಣೆಕಟ್ಟಿಗೆ ನಿಂತು, ಗೋಕಾಕದಲ್ಲಿ ಬಿದ್ದೆದ್ದು, ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಿ, ಕೃಷ್ಣೆಯ ಜೊತೆ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ. ಮನೆಯ ಎದುರಿಗೆ ಬಾವಿ ಇಟ್ಟುಕೊಂಡು ನೀರಿಗೆ ಪರವೂರಿಗೆ ಹೋದ ಹಾಗೆ. ತರಗತಿಯಲ್ಲಿ ಇದನ್ನು ಅವರು ನಕಾಶೆಯ ಮೇಲೆ ಕೋಲಿನಿಂದ ತೋರಿಸಿ ನಗುತ್ತಿದ್ದರು. ಆ ನಗು ತಮ್ಮ ಮೇಲೂ ತಿರುಗುತ್ತದೆ, ತಾವೂ ಮೂರು ಸಲ ಸಮುದ್ರದ ಬಾಯಿಗೆ ಬಂದು ಬೆನ್ನು ಹಾಕಿ ಹೋದವರು ಎಂದು ಕಾರವಾರದ ಆ ಕೋಣೆಯಲ್ಲಿ ಹೊಳೆಯಿತು.

ಮರುದಿನ ಕೋಡಿಬಾಗದ ಕಡೆ ನಡೆದುಹೋಗಿ ಕಾಳಿ ನದಿ ನೋಡಿದರು. ಇದು ನೇರ ಸ್ವಭಾವದ ನದಿ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಉತ್ತರ ಕನ್ನಡ ಜಿಲ್ಲೆಯನ್ನು ಬಿಟ್ಟು ಹೊರಗೆ ಹೋಗದೆ, ಸುಮಾರು 184 ಕಿಲೋಮೀಟರಿನಲ್ಲಿ ಕೆಲಸ ಮುಗಿಸುತ್ತದೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. 2024ರ ಆಗಸ್ಟಿನ ಒಂದು ನಡುರಾತ್ರಿ ಇಲ್ಲಿನ ಹಳೆಯ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಆ ಸುದ್ದಿ ಓದಿದಾಗ ಗೋಕಾಕದ ತೂಗುಸೇತುವೆಯ ನೆನಪಾಗಿತ್ತು. ಸುಮಾರು ಇನ್ನೂರು ಮೀಟರಿನ ಅದರ ಮೇಲೆ ಪ್ರವಾಸಕ್ಕೆ ಬಂದ ಹುಡುಗರು ಬೇಕೆಂದೇ ಕುಣಿದಾಗ ಹಲಗೆಯ ಸಂದಿಯಲ್ಲಿ ಕೆಳಗಿನ ಬಂಡೆ ಕಾಣುತ್ತಿತ್ತು. ಅಲ್ಲೂ ಅವರು ನೀರು ನೋಡಿದ್ದು ಕಡಿಮೆ, ತಲೆ ಎಣಿಸಿದ್ದೇ ಹೆಚ್ಚು.

ಇದೇ ಕಾಳಿಯಲ್ಲಿ ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದವರು ರವೀಂದ್ರನಾಥ ಟ್ಯಾಗೋರರು. 1883ರ ಮಾತು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯರು, ಆಗ ಕಾರವಾರದಲ್ಲಿ ನ್ಯಾಯಾಧೀಶರು. ಅಣ್ಣನ ಬಂಗಲೆಗೆ ತಮ್ಮ ಬಂದಿಳಿದರು, ವಯಸ್ಸು ಇಪ್ಪತ್ತೆರಡು. ನದಿಯ ದಡದ ಗುಡ್ಡದ ಕೋಟೆ ನೋಡಿಕೊಂಡು, ಹೊಳೆ ಸಮುದ್ರಕ್ಕೆ ಸೇರುವಲ್ಲಿ ಇಳಿದು, ರಾತ್ರಿ ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿಟ್ಟರು. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದೂ ಇಲ್ಲಿಯೇ. ಕಾರವಾರದ ದಂಡೆಗೆ ಈಗ ಅವರದೇ ಹೆಸರು. ಅಷ್ಟು ದೂರದ ಬಂಗಾಳದಿಂದ ಬಂದ ತರುಣ ಇಲ್ಲಿ ಬೇರೆ ಸಮುದ್ರ ನೋಡಿದರು, ಇಲ್ಲಿನ ಹಿರಣ್ಯಕೇಶಿಯ ನೀರು ಅವರ ಬಂಗಾಳ ಕೊಲ್ಲಿಗೆ ಹೋಯಿತು. ಲೆಕ್ಕ ಸರಿಹೋಯಿತೆಂದು ಮಾಸ್ತರರಿಗೆ ಅನ್ನಿಸಿತು. ಒಂದು ಮಾತ್ರ ಖಾತ್ರಿ: ಜಡ್ಜ್ ಸಾಹೇಬರ ತಮ್ಮನಿಗೆ ಯಾರೂ ಬಂದ ಕಾರಣ ಕೇಳಿರಲಾರರು.

ದಂಡೆಯಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನು ನೆಲಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಮಾಸ್ತರರು ಅದನ್ನೂ ನೋಡಿದರು. ಸಮುದ್ರದ ಪಕ್ಕದಲ್ಲೇ ನಿಂತು ಒದ್ದೆಯಾಗದ ಹಡಗು. ಪೆನ್ಷನ್ನಿನವರ ಪೈಕಿ ಎಂದು ತಲೆಯಾಡಿಸಿ ಮುಂದೆ ನಡೆದರು.

ಊಟದ ವಿಷಯ ಹೇಳಲೇಬೇಕು. ಹೋಟೆಲಿನ ಕೆಳಗಡೆ ಬೆಳಿಗ್ಗೆ ಬನ್ಸು, ಪಾತಳ ಭಾಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ. ಬನ್ಸು ಎಂದರೆ ಬೇಕರಿಯದು ಎಂದುಕೊಂಡಿದ್ದ ಮಾಸ್ತರರು ಬಾಳೆಹಣ್ಣು ಕಲಸಿ ಕರಿದ ಆ ಸಿಹಿ ಪೂರಿಯನ್ನು ಮೊದಲ ದಿನ ಅನುಮಾನದಿಂದಲೂ ಎರಡನೆಯ ದಿನ ಅಭಿಮಾನದಿಂದಲೂ ತಿಂದರು. ಸುತ್ತ ಬಂಗಡೆ ಹುರಿಯುವ ವಾಸನೆ. ಶುದ್ಧ ಸಸ್ಯಾಹಾರಿಯಾದ ಅವರು ಉಸಿರನ್ನು ಅರ್ಧಕ್ಕೆ ಹಿಡಿದು ಉಣ್ಣುವ ಉಪಾಯ ಕಲಿತರು. ಅನ್ನ ಮಾತ್ರ ಗಂಟಲಲ್ಲಿ ಇಳಿದರೂ ಹೊಟ್ಟೆಗೆ ಲೆಕ್ಕಕ್ಕೆ ಬರಲಿಲ್ಲ. ರಾತ್ರಿ ಕೋಣೆಗೆ ಹೋಗಿ ರೊಟ್ಟಿಯ ಗಂಟು ಬಿಚ್ಚಿದರು.

ಜೋಳದ ಖಡಕ್ ರೊಟ್ಟಿಗೆ ಒಂದು ಧರ್ಮವಿದೆ. ಮುರಿದರೆ ಪಕ್ಕದ ಮನೆಗೆ ಕೇಳಿಸಬೇಕು. ಗೋಕಾಕದಲ್ಲಿ ಒಮ್ಮೆ ಬಡಿದು ಸುಟ್ಟಿಟ್ಟರೆ ತಿಂಗಳಾದರೂ ಅದು ಧರ್ಮ ಬಿಡುವುದಿಲ್ಲ. ಮಾಸ್ತರರು ಒಂದನ್ನು ಎತ್ತಿ ಎರಡೂ ಕೈಯಿಂದ ಮುರಿಯಲು ಹೋದರು. ಮುರಿಯಲಿಲ್ಲ. ಸದ್ದಿಲ್ಲದೆ ಮಡಚಿತು. ಬಿಟ್ಟರೆ ನಿಧಾನಕ್ಕೆ ಅರ್ಧ ಬಿಚ್ಚಿಕೊಂಡು ಹಾಗೇ ನಿಂತಿತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಎರಡು ದಿನದ ಉಪ್ಪುಗಾಳಿಗೆ ಇಪ್ಪತ್ತೂ ರೊಟ್ಟಿ ಹಸಿ ತೊಗಲಿನಂತಾಗಿದ್ದವು. ಕಬ್ಬಿಣವನ್ನು ಹಪ್ಪಳ ಮಾಡಿದ ಗಾಳಿಯೇ ಹಪ್ಪಳದಂಥ ರೊಟ್ಟಿಯನ್ನು ಬಟ್ಟೆ ಮಾಡಿತ್ತು. ಹೆಂಡತಿ ಎರಡು ದಿನ ಒಲೆಯ ಮುಂದೆ ಕೂತದ್ದು ನೆನಪಾಗಿ, ಬಟ್ಟೆಯಂಥದನ್ನೇ ಚಟ್ನಿ ಸುತ್ತಿ ತಿಂದರು. ಊರಿಗೆ ಫೋನು ಮಾಡಿದಾಗ, "ರೊಟ್ಟಿ ಹೆಂಗ ಅದಾವ್ರೀ?" ಎಂದರೆ, "ಖಡಕ್ ಅದಾವ" ಎಂದರು.

ಕರದಂಟು ಮಾತ್ರ ಗೆದ್ದಿತ್ತು. ಸ್ವಲ್ಪ ಬೆವೆತು ಕಾಗದಕ್ಕೆ ಅಂಟಿಕೊಂಡಿತ್ತು, ಅಷ್ಟೇ. ಕರಿದ ಅಂಟು, ಅದಕ್ಕೇ ಕರದಂಟು, ಅಂಟುವುದೇ ಅದರ ಕೆಲಸ. ಒಂದು ತುಂಡು ಬಾಯಿಗೆ ಹಾಕಿ ನಾಲಿಗೆಯಿಂದ ಬಿಡಿಸುತ್ತ ಕುಳಿತಾಗ ಅವರಿಗೆ ಕಂಡದ್ದು: ಬೆಲ್ಲ ನಮ್ಮದು, ಸರಿ. ಕೊಬ್ಬರಿ? ಗೋಡಂಬಿ? ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ಹಡಗಿನಲ್ಲಿ ತಂದು ಗೋವೆಯ ಸುತ್ತ ನೆಟ್ಟ ಮರದ ಬೀಜ ಅದು. ಗೋಕಾಕದ ಹೆಸರು ಹೊತ್ತ ಸಿಹಿಯೊಳಗೆ ಕರಾವಳಿ ಕುಳಿತಿದೆ. ಹಿಂದೆ ಇದಕ್ಕೆ ತಿರುಗುಮುರುಗಾದದ್ದೂ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಪೇಟೆಯವರು ಆ ಹತ್ತಿಗೇ 'ಕುಮಟಾ' ಎಂದು ಹೆಸರಿಟ್ಟರು. ಕುಮಟೆಯ ಮರಳಿನಲ್ಲಿ ಎಲ್ಲಿಯ ಹತ್ತಿ? ಆದರೂ ಕಪ್ಪು ನೆಲದ ಬೆಳೆ ಬಂದರಿನ ಹೆಸರಿನಲ್ಲಿ ಹಡಗು ಹತ್ತಿತು. ಆ ಹತ್ತಿಯನ್ನು ಯಾರಾದರೂ ಒಬ್ಬರೇ ಬಂದದ್ದಾ ಎಂದು ಕೇಳಿದ್ದರೆ ಏನು ಹೇಳುತ್ತಿತ್ತೋ.

ಮೂರನೆಯ ದಿನ ರೂಮ್ ಬಾಯ್ ಎಂಟನೆಯದೋ ಒಂಬತ್ತನೆಯದೋ ಸಲ ಟವೆಲ್ ತಂದ. ಮಂಚದ ಮೇಲೆ ಆಗಲೇ ಐದು ಟವೆಲ್ ಇದ್ದವು. ಮಾಸ್ತರರು ಅವನನ್ನು ಕೂರಿಸಿ ಕರದಂಟು ಕೊಟ್ಟರು. ಕರದಂಟು ತಿನ್ನುವವನಿಗೆ ಸುಳ್ಳು ಹೇಳುವುದು ಕಷ್ಟ, ಬಾಯಿ ಅಂಟಿರುತ್ತದೆ.

"ತಮ್ಮಾ, ಖರೇ ಹೇಳು. ನನಗ ಯಾಕ ಇಷ್ಟ ಟವೆಲ್ಲ?"

ಹುಡುಗ ಅಗಿದ. ನುಂಗಿದ. "ಸರ್, ಒಬ್ರೇ ಬಂದವ್ರನ್ನ ಎರಡ್ ತಾಸಿಗೊಂದ್ಸಲ ನೋಡ್ಕೊಂಡು ಬಾ ಅಂತ ಇದೆ ಸರ್. ಹಿಂದಿನ ಯಜಮಾನ್ರ ಕಾಲದಿಂದ್ಲೂ. ಸಮುದ್ರದ ಬದಿಯಲ್ವಾ..." ಎಂದು ಕಿಟಕಿಯ ಹೊರಗೆ ನೋಡಿದ. "ಅದ್ರಲ್ಲೂ ನೀವು ಬುಕ್ಕಲ್ಲಿ ಬಂದ ಕಾರಣ ಸಮುದ್ರ ಅಂತ ಬರ್ದಿದ್ರಿ."

ಮಾಸ್ತರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊದಲು ನಗು ಬಂತು. ಆಮೇಲೆ ಸಿಟ್ಟು, ಮೂವತ್ತು ವರ್ಷ ನೌಕರಿ ಮಾಡಿ ಎರಡು ಮಕ್ಕಳ ಮದುವೆ ಮಾಡಿದ ತಮ್ಮನ್ನು ಇವರು ಏನೆಂದುಕೊಂಡರು ಎಂದು. ಆ ಸಿಟ್ಟು ಪೂರ್ತಿ ಏರುವ ಮೊದಲೇ ಮೊಣಕಾಲು ನೀರಿನಲ್ಲಿ ಕೈ ಅಗಲಿಸಿ ನಿಂತ, ಒದ್ದೆ ಪ್ಯಾಂಟಿನ ಒಬ್ಬ ಮಾಸ್ತರ ಕಣ್ಣಿಗೆ ಬಂದ. ಐದು ಟವೆಲುಗಳನ್ನು ಮಡಚಿ ಹುಡುಗನ ಕೈಗೆ ಕೊಟ್ಟರು. ಹುಡುಗ ಹೋಗುವಾಗ ಕಿಟಕಿಯ ರೆಕ್ಕೆಗೆ ಹಳೆಯ ಪೇಪರು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ. "ಹಗಲಿಗೆ ಇದು ಬೇಡ ಸರ್, ರಾತ್ರಿ ಮಾತ್ರ. ಗಾಳಿ ತಿರಗ್ತದೆ." ನಾಲ್ಕು ಅಂಕದ ಉತ್ತರವನ್ನು ಅವನು ಎರಡೇ ಶಬ್ದದಲ್ಲಿ ಮುಗಿಸಿದ್ದ.

ಅವತ್ತು ಸಂಜೆ ಅವರು ದಂಡೆಯಲ್ಲಿ ಕೂತು ಸಮುದ್ರದ ಮುಖ ನೋಡಿದರು. ಹೆಸರಿನಲ್ಲೇ ಮೂಡಲ ಇರುವ ಸೀಮೆಯಲ್ಲಿ ಹುಟ್ಟಿದವರು. ಅಲ್ಲಿ ಸೂರ್ಯ ಕಬ್ಬಿನ ಹೊಲದಲ್ಲಿ ಎದ್ದು ಕಬ್ಬಿನ ಹೊಲದಲ್ಲೇ ಮುಳುಗುತ್ತಾನೆ, ಮುಳುಗುವುದನ್ನು ನೋಡಲು ಪುರಸೊತ್ತು ಯಾರಿಗೂ ಇರುವುದಿಲ್ಲ, ಆ ಹೊತ್ತಿಗೆ ಎಮ್ಮೆ ಹಿಂಡಬೇಕು. ಇಲ್ಲಿ ಸೂರ್ಯ ನೀರಿಗೆ ತಾಗಿದ ಮೇಲೆ ಮಡಕೆಯ ಹಾಗೆ ತಳ ಅಗಲ ಮಾಡಿಕೊಂಡು, ಕಂಠದವರೆಗೆ ಇಳಿದು, ಕೊನೆಗೆ ಒಂದು ಕೆಂಪು ಚುಕ್ಕೆಯಾಗಿ ನಿಂತ. ಆ ಚುಕ್ಕೆಯನ್ನೇ ನೋಡುತ್ತಿದ್ದ ಮಾಸ್ತರರು ಸರಿಯಾಗಿ ಅದು ಮುಳುಗುವ ಕ್ಷಣಕ್ಕೆ ಹಿಂದೆ ಯಾವುದೋ ಶಾಲೆಯ ಮಕ್ಕಳ ಗದ್ದಲ ಕೇಳಿ ತಿರುಗಿದರು. ಎಣಿಸಿದರು. ನಲವತ್ತೆರಡು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಸಮುದ್ರದ ಮೇಲೆ ಏನೂ ಇರಲಿಲ್ಲ.

ಹೋಟೆಲಿಗೆ ಬಂದಾಗ ಮ್ಯಾನೇಜರು ಕೌಂಟರಿನಿಂದ ಎದ್ದು ಹೊರಗೆ ಬಂದರು. ದನಿ ತಗ್ಗಿಸಿ, "ಮಾಸ್ತರೇ, ಒಂದ್ ಉಪಕಾರ ಆಗ್ಬೇಕಿತ್ತು. ಏಳನೇ ನಂಬರಿಗೆ ಮಧ್ಯಾಹ್ನ ಒಬ್ರು ಬಂದಿದ್ದಾರೆ. ಒಬ್ರೇ" ಎಂದರು.

"ಹಂಗೇನ್ರಿ?"

"ಹುಡ್ಗ ನಾಲ್ಕ್ ಸಲ ಹೋಗಿ ಬಂದ. ಸರಿಯಾಗಿ ಮಾತೇ ಆಡೂದಿಲ್ಲ ಅಂತ. ನೀವು ದೊಡ್ಡೋರು, ಸುಮ್ನೆ ಮಾತಾಡ್ಸಿದ ಹಾಗೆ ಮಾಡಿ ಒಂದ್ಸಲ ನೋಡಿ ಬನ್ನಿ."

ಮಾಸ್ತರರು ಮೇಲೆ ಹೋಗಿ ಕರದಂಟಿನ ಎರಡನೆಯ ಡಬ್ಬಿ ತೆಗೆದರು. ಅಂಗಿಯ ಗುಂಡಿ ಸರಿಮಾಡಿಕೊಂಡರು. ಏಳನೆಯ ನಂಬರಿನ ಕದ ಮುಚ್ಚಿತ್ತು, ಕೆಳಗಿನ ಸಂದಿಯಲ್ಲಿ ಬೆಳಕು. ಒಳಗೆ ಕಿಟಕಿಯ ರೆಕ್ಕೆ ಧಡ್ ಎಂದು ಬಡಿಯಿತು. ಅವರು ಬೆರಳು ಮಡಚಿ ಎರಡು ಸಲ ತಟ್ಟಿದರು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ ಬೇಸತ್ತ ಗಟ್ಟಿ ದನಿ:

"ಟವೆಲ್ ಬ್ಯಾಡೋ ತಮ್ಮಾ, ಎಷ್ಟ ಸಲ ಹೇಳ್ಲಿ ನಿನಗ!"

ಮಾಸ್ತರರು ಮತ್ತೊಮ್ಮೆ ತಟ್ಟಿದರು.